ಖಾಲಿ ಮಾಲಿನ ಚಿತ್ರದಲ್ಲಿ ಯಾರಿಲ್ಲ?

ಸತ್ತ ಮಾಲ್‌ಗಳ ವಿಡಿಯೋ ಎರಡು ನೋಡಿದವರಿಗೆ ಮೂರನೆಯದನ್ನು ನೋಡುವ ಅಗತ್ಯವಿಲ್ಲ. ನಿಂತುಹೋದ ಎಸ್ಕಲೇಟರ್, ನೀರಿಲ್ಲದ ಕಾರಂಜಿ, ಧೂಳು ಹಿಡಿದ ಪ್ಲಾಸ್ಟಿಕ್ ಗಿಡ, ಅರ್ಧ ಎಳೆದ ರೋಲಿಂಗ್ ಷಟರ್. ಹಿನ್ನೆಲೆಗೆ ಎಂಬತ್ತರ ದಶಕದ ಯಾವುದೋ ಪಾಪ್ ಹಾಡು, ಪಕ್ಕದ ಮನೆಯಿಂದ ಕೇಳಿಸುವಷ್ಟು ಮಂದವಾಗಿ. ಮನುಷ್ಯರು ಮಾತ್ರ ಇಲ್ಲ. ಇರಕೂಡದು, ಇದ್ದರೆ ಮಾಲ್ ಇನ್ನೂ ಸತ್ತಿಲ್ಲ ಎಂದಾಗಿಬಿಡುತ್ತದೆ. ಅಮೆರಿಕದಲ್ಲಿ ಇದೊಂದು ಪ್ರಕಾರವಾಗಿಯೇ ಬೆಳೆದಿದೆ, ಈಗ ನಮ್ಮ ಕಾಲೇಜು ಹುಡುಗರ ರೀಲ್ಸ್‌ಗಳಲ್ಲೂ ಕಾಣಿಸತೊಡಗಿದೆ. ನನ್ನ ತಕರಾರು ಇರುವುದು ಮನುಷ್ಯರಿಲ್ಲದ ಈ ಚೌಕಟ್ಟಿನ ಬಗ್ಗೆ. ದಾಖಲಿಸುತ್ತಿದ್ದೇವೆ ಎನ್ನುತ್ತಲೇ ಅದು ಮುಖ್ಯವಾದದ್ದನ್ನೆಲ್ಲ ಹೊರಗಿಡುತ್ತದೆ.

ದಾಖಲಿಸುವುದೇ ತಪ್ಪು ಎನ್ನುತ್ತಿಲ್ಲ. 2000ದಲ್ಲಿ ಪೀಟರ್ ಬ್ಲ್ಯಾಕ್‌ಬರ್ಡ್ ಮತ್ತು ಬ್ರಯನ್ ಫ್ಲಾರೆನ್ಸ್ ಎಂಬ ಇಬ್ಬರು ಗೆಳೆಯರು ‘ಡೆಡ್ ಮಾಲ್ಸ್’ ಜಾಲತಾಣ ಶುರುಮಾಡಿದರು. ಯಾವ ಮಾಲ್ ಯಾವಾಗ ತೆರೆಯಿತು, ಯಾವ ಅಂಗಡಿ ಮೊದಲು ಖಾಲಿಯಾಯಿತು ಎಂದು ಊರೂರಿನ ಓದುಗರು ಅದಕ್ಕೆ ಬರೆದು ಕಳಿಸಿದರು. ಶಾನುಭೋಗರ ಶ್ರದ್ಧೆಯ ಕೆಲಸ ಅದು, ನನಗೆ ಗೌರವವಿದೆ. ಆಮೇಲೆ ಕ್ಯಾಮೆರಾಗಳು ಬಂದವು. ಸೆಫ್ ಲಾಲೆಸ್ ಅವರ ಛಾಯಾಚಿತ್ರಗಳು, ಡ್ಯಾನ್ ಬೆಲ್ ಅವರ ಯೂಟ್ಯೂಬ್ ಸರಣಿ. ಒಹಾಯೋ ರಾಜ್ಯದ ಆಕ್ರನ್ ಊರಿನ ರೋಲಿಂಗ್ ಏಕರ್ಸ್ ಮಾಲಿನ ಛಾವಣಿ ಒಡೆದು ಒಳಗೆಲ್ಲ ಹಿಮ ಬಿದ್ದ ಚಿತ್ರ ಜಗತ್ತು ಸುತ್ತಿತು. ಚಂದದ ಚಿತ್ರ, ಸಂದೇಹವಿಲ್ಲ. ಹಂಪಿಯ ಕ್ಯಾಲೆಂಡರ್ ಕೂಡ ಚಂದವೇ ಇರುತ್ತದೆ.

ಇಂಥ ಚಿತ್ರಗಳ ಜೊತೆ ಬರುವ ಮಾತು ಎರಡು. ಇದು ನಮ್ಮೂರ ಚೌಕವಾಗಿತ್ತು ಎನ್ನುವುದು ಒಂದು; ಇಂಟರ್ನೆಟ್ ಇದನ್ನು ಕೊಂದಿತು ಎನ್ನುವುದು ಇನ್ನೊಂದು.

ಮೊದಲನೆಯದನ್ನು ಮಾಲಿನ ಜನಕನೇ ಅಲ್ಲಗಳೆದಿದ್ದ. ವಿಕ್ಟರ್ ಗ್ರೂಯೆನ್ ವಿಯೆನ್ನಾದ ಯಹೂದಿ, ಸಮಾಜವಾದಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದ ವಾಸ್ತುಶಿಲ್ಪಿ. 1956ರಲ್ಲಿ ಮಿನೆಸೋಟಾದ ಈಡೈನಾದಲ್ಲಿ ತೆರೆದ ಆತನ ಸೌತ್‌ಡೇಲ್, ಪೂರ್ತಿ ಮುಚ್ಚಿದ ಹವಾನಿಯಂತ್ರಿತ ಮಾಲ್‌ಗಳಲ್ಲಿ ಆ ದೇಶದ ಮೊದಲನೆಯದು. ನಕ್ಷೆಯಲ್ಲಿ ಅಂಗಡಿಗಳ ಸುತ್ತ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ ಎಲ್ಲ ಇತ್ತು. ಹಣ ಹಾಕಿದವರು ಅಂಗಡಿ ಮತ್ತು ಪಾರ್ಕಿಂಗ್ ಇಟ್ಟುಕೊಂಡು ಉಳಿದದ್ದರಲ್ಲಿ ಬಹುಪಾಲನ್ನು ಕೈಬಿಟ್ಟರು. ಮುಂದೆ ದೇಶದ ತುಂಬ ಎದ್ದದ್ದು ಈ ಕತ್ತರಿಸಿದ ನಕ್ಷೆಯೇ. ಗ್ರೂಯೆನ್ ಕೊನೆಗೆ ವಿಯೆನ್ನಾಗೆ ಮರಳಿದ. 1978ರಲ್ಲಿ ಲಂಡನ್ನಿನ ಒಂದು ಭಾಷಣದಲ್ಲಿ, ಇವು ತನ್ನ ಮಕ್ಕಳಲ್ಲ, ಇವಕ್ಕೆ ಜೀವನಾಂಶ ಕೊಡಲಾರೆ ಎಂಬರ್ಥದ ಮಾತಾಡಿದ.

ಹಾಗಾದರೆ ಅಷ್ಟೊಂದು ಮಾಲ್ ಎದ್ದದ್ದಾದರೂ ಯಾಕೆ? 1954ರಲ್ಲಿ ಅಮೆರಿಕದ ತೆರಿಗೆ ಕಾನೂನು ಹೊಸ ಕಟ್ಟಡಗಳ ಸವಕಳಿಯನ್ನು ಮೊದಲ ವರ್ಷಗಳಲ್ಲೇ ಹೆಚ್ಚು ತೋರಿಸಲು ಬಿಟ್ಟಿತು. ಬಾಡಿಗೆ ಚೆನ್ನಾಗಿ ಬರುತ್ತಿದ್ದರೂ ಲೆಕ್ಕದ ಪುಸ್ತಕದಲ್ಲಿ ನಷ್ಟ; ಆ ನಷ್ಟ ತೋರಿಸಿ ಬೇರೆ ಆದಾಯದ ಮೇಲಿನ ತೆರಿಗೆ ಉಳಿಸಬಹುದು. ಅನುಕೂಲ ಕರಗಿದ ಮೇಲೆ ಕಟ್ಟಡ ಮಾರಿ ಊರಾಚೆ ಇನ್ನೊಂದು ಕಟ್ಟಬಹುದು. ಇತಿಹಾಸಕಾರ ಥಾಮಸ್ ಹ್ಯಾಂಚೆಟ್ 1996ರ ಪ್ರಬಂಧದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ಬೇಗ ಕಟ್ಟಿ ಬೇಗ ಕೈತೊಳೆದುಕೊಳ್ಳುವ ಲೆಕ್ಕ ಇದು. ಖಾಲಿಯಾಗುವ ಸಾಧ್ಯತೆ ಅಡಿಪಾಯದಲ್ಲೇ ಇತ್ತು.

ಇನ್ನು ಇಂಟರ್ನೆಟ್ ಕೊಂದ ಕಥೆ. ಶಿಕಾಗೋ ಹತ್ತಿರದ ಹಾರ್ವಿಯಲ್ಲಿ ಡಿಕ್ಸಿ ಸ್ಕ್ವೇರ್ ಮಾಲ್ ತೆರೆದದ್ದು 1966ರಲ್ಲಿ, ಮುಚ್ಚಿದ್ದು 1978ರಲ್ಲಿ. ಮರುವರ್ಷ ‘ದಿ ಬ್ಲೂಸ್ ಬ್ರದರ್ಸ್’ ಸಿನಿಮಾದವರು ಅದರೊಳಗೆ ಕಾರು ಓಡಿಸಿ ಗಾಜು ಪುಡಿಮಾಡಿ ಹೋದರು. ಆ ಹೆಣ ಕೆಡವಿದ್ದು 2012ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ಎದುರಿಗಿಟ್ಟುಕೊಂಡು ಬದುಕಿದ ಊರಿಗೆ ಹೋಗಿ ಆನ್‌ಲೈನ್ ಶಾಪಿಂಗ್ ಮಾಲನ್ನು ಕೊಂದಿತು ಎಂದರೆ ನಗುತ್ತಾರೆ.

ಆನ್‌ಲೈನ್ ಕಂಪನಿಗೆ ಈ ಕಥೆಯಲ್ಲಿ ಪಾಲಿಲ್ಲವೆಂದಲ್ಲ. ಒಹಾಯೋದ ನಾರ್ತ್ ರ್‍ಯಾಂಡಲ್ ಎರಡು ಸಾವಿರ ಜನವೂ ಇಲ್ಲದ ಊರು. 1976ರಲ್ಲಿ ಅಲ್ಲಿ ರ್‍ಯಾಂಡಲ್ ಪಾರ್ಕ್ ಎಂಬ ದೈತ್ಯ ಮಾಲ್ ಎದ್ದಿತು, 2009ರಲ್ಲಿ ಮುಚ್ಚಿತು. ಅದೇ ನೆಲದ ಮೇಲೆ ಈಗ ಅಮೆಜಾನ್ ಗೋದಾಮು ಇದೆ. ಹಿಮ ಬಿದ್ದ ಆ ರೋಲಿಂಗ್ ಏಕರ್ಸ್ ಜಾಗದಲ್ಲೂ ಅಷ್ಟೇ. ಗೋದಾಮಿನ ಚಿತ್ರಕ್ಕೆ ಯಾರೂ ಮಂದ ಸಂಗೀತ ಹಾಕುವುದಿಲ್ಲ. ಅಲ್ಲಿ ಕೆಲಸಗಾರರು ಇದ್ದಾರಲ್ಲ!

ನಮ್ಮಲ್ಲಿಗೆ ಬನ್ನಿ. ನೈಟ್ ಫ್ರ್ಯಾಂಕ್ ಎಂಬ ಆಸ್ತಿ ಸಲಹಾ ಸಂಸ್ಥೆ ನೂರಕ್ಕೆ 40ಕ್ಕಿಂತ ಹೆಚ್ಚು ಜಾಗ ಖಾಲಿ ಇರುವ ಮಾಲನ್ನು ‘ಭೂತ ಮಾಲ್’ ಎನ್ನುತ್ತದೆ. ದೇಶದ ಎಂಟು ದೊಡ್ಡ ನಗರಗಳಲ್ಲಿ 2023ಕ್ಕೆ ಇಂಥವು 64. ಇವುಗಳಲ್ಲಿ ಹಲವು ಹುಟ್ಟುವಾಗಲೇ ರೋಗ ಹೊತ್ತು ಬಂದವು. ಬಿಲ್ಡರ್ ಒಂದೊಂದು ಅಂಗಡಿಯನ್ನೂ ಒಬ್ಬೊಬ್ಬರಿಗೆ ಮಾರಿ ಹಣ ಎತ್ತಿಕೊಂಡು ಹೊರಡುತ್ತಾನೆ. ನಿವೃತ್ತಿಯ ಗಂಟು ತಂದು ಇನ್ನೂರು ಚದರಡಿ ಕೊಂಡವರು ಉಳಿಯುತ್ತಾರೆ. ಯಾವ ಮಹಡಿಯಲ್ಲಿ ಏನಿರಬೇಕು, ಲಿಫ್ಟ್ ಯಾರು ರಿಪೇರಿ ಮಾಡಿಸಬೇಕು ಎಂದು ತೀರ್ಮಾನಿಸುವವರೇ ಇಲ್ಲ. ಕೈಬಿಟ್ಟುಹೋದ ಆ ಉಳಿತಾಯ ಯಾವ ರೀಲ್‌ನಲ್ಲಿ ಬಂದಿದೆ?

ಇಲ್ಲಿ ‘ಊರ ಚೌಕ’ದ ಮಾತು ಇನ್ನೂ ಅಸಹ್ಯ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಒಂದು ಮಾಲಿನ ಬಾಗಿಲಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ವಯಸ್ಸಾದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಗಲಾಟೆಯಾಗಿ, ಏಳು ದಿನ ಅದನ್ನು ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಹೇಳಬೇಕಾಯಿತು. ಪಂಚೆಗೆ ಪ್ರವೇಶವಿಲ್ಲದ ಚೌಕ ಯಾವ ಊರಿನದು? ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ನಿಂತಿರುವುದು ರಾಜಾ ಮಿಲ್ ಇದ್ದ ಜಾಗದಲ್ಲಿ. ಮಿಲ್ಲಿನ ಸೈರನ್ನಿಗೆ ಎದ್ದು ಓಡಿದವರ ನೆನಪನ್ನು ಯಾರೂ ಚಿತ್ರೀಕರಿಸಲಿಲ್ಲ, ಆಗ ಮೊಬೈಲ್ ಇರಲಿಲ್ಲ ಎನ್ನಬಹುದು. ಈಗ ಇದೆಯಲ್ಲ?

ಮಾಲಿನಲ್ಲಿ ದುಡಿದವರ ಕಥೆ ಎಂದರೆ ಮೊದಲು ಕಾಲುನೋವಿನ ಕಥೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ಹುಡುಗಿಯರು ಕೂರುವಂತಿಲ್ಲ. ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ವಿಜಿಯವರ ‘ಪೆಣ್‌ಕೂಟ್ಟು’ ಸಂಘಟನೆಯಡಿ ಶೌಚಾಲಯಕ್ಕಾಗಿ, ಆಮೇಲೆ ಕೂರುವುದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಕಾನೂನು ತಿದ್ದಿತು, ತಮಿಳುನಾಡು 2021ರಲ್ಲಿ. ಖಾಲಿ ಮಾಲಿನ ವಿಡಿಯೋದಲ್ಲಿ ಕೌಂಟರ್ ಹಿಂದೆ ಕುರ್ಚಿ ಇತ್ತೇ ಎಂದು ನಾನು ಹುಡುಕುತ್ತೇನೆ. ಕ್ಯಾಮೆರಾ ಅಷ್ಟು ಕೆಳಗೆ ಬಗ್ಗುವುದೇ ಇಲ್ಲ.

ಕಳೆದ ವರ್ಷ ಬೆಂಗಳೂರಿನ ಒಂದು ಅರೆಖಾಲಿ ಮಾಲಿನ ಎರಡನೇ ಮಹಡಿಯಲ್ಲಿ ಇಬ್ಬರು ಹುಡುಗರು ಶೂಟಿಂಗ್ ಮಾಡುತ್ತಿದ್ದರು. ನೆಲ ಒರೆಸುತ್ತಿದ್ದ ಹೆಂಗಸಿಗೆ, “ಆಂಟಿ, ಸ್ವಲ್ಪ ಆ ಕಡೆ ಹೋಗ್ತೀರಾ, ಫ್ರೇಮಲ್ಲಿ ಬರ್ತಿದೀರ” ಎಂದರು. ಆಕೆ ಬಕೆಟ್ ಎತ್ತಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತರು. ಸುಮ್ಮನೆ ಕೇಳಿದೆ, ಇಲ್ಲಿ ಏನೇನಿತ್ತಕ್ಕ? “ಇದು ಮಕ್ಳ ಬಟ್ಟೆ ಸಾರ್. ಅದು ವಾಚ್ ಅಂಗ್ಡಿ. ಮೂಲೇಲಿ ಐಸ್‌ಕ್ರೀಮ್ ಇತ್ತು, ಕೊನೇ ಎರಡು ತಿಂಗ್ಳು ಆ ಹುಡ್ಗೀಗೆ ಸಂಬ್ಳ ಕೊಡ್ಲಿಲ್ಲ. ಈಗ ಗೋಡೌನಲ್ಲಿ ಪ್ಯಾಕಿಂಗ್ ಮಾಡ್ತಾಳೆ, ನಮ್ ಬೀದೀಲೇ ಇರೋದು.” ಹತ್ತೇ ನಿಮಿಷದಲ್ಲಿ ಇಡೀ ಮಹಡಿಯ ಚರಿತ್ರೆ ಹೇಳಿ ಮುಗಿಸಿದರು. ಹುಡುಗರು ಅಷ್ಟರಲ್ಲಿ ಎಸ್ಕಲೇಟರ್ ಕಡೆ ಹೋಗಿದ್ದರು.

ಮಾಲ್ ಚಿತ್ರೀಕರಿಸಲು ಹೊರಡುವ ಗೆಳೆಯರೇ, ಆ ಅಕ್ಕನನ್ನು ಫ್ರೇಮಿನೊಳಗೆ ಕರೆಯಿರಿ. ಆಕೆ ಒಪ್ಪಿದರೆ ಮಾತು ರೆಕಾರ್ಡ್ ಮಾಡಿ, ಒಪ್ಪದಿದ್ದರೆ ಮನೆಗೆ ಬಂದು ಬರೆದಿಡಿ. ಸೆಕ್ಯುರಿಟಿಯವರಿಗೆ, ಅಂಗಡಿ ಕೊಂಡು ಕೂತವರಿಗೆ, ಎದುರಿನ ಟೀ ಅಂಗಡಿಯವರಿಗೆ ಅದೇ ಪ್ರಶ್ನೆ ಕೇಳಿ. ಈ ನೆಲದಲ್ಲಿ ಮೊದಲು ಏನಿತ್ತು ಎಂದು ಹಳಬರನ್ನು ವಿಚಾರಿಸಿ. ಕಟ್ಟಲು ಯಾವ ಷರತ್ತಿನ ಮೇಲೆ ಅನುಮತಿ ಸಿಕ್ಕಿತ್ತು, ಆಸ್ತಿ ತೆರಿಗೆ ಎಷ್ಟು ಬಾಕಿ ಇದೆ ಎಂಬುದು ಪಾಲಿಕೆಯ ಕಡತದಲ್ಲಿರುತ್ತದೆ; ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ.