ಅರವಟ್ಟಿಗೆಯ ಪಾಠ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಬರತೊಡಗಿದ್ದು 2018ರಲ್ಲಿ. ಅದಕ್ಕೆ ಮೊದಲು ಮಳೆ ಮತ್ತು ಕೊಳವೆಬಾವಿಯೇ ಗತಿ. ಆದರೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಬೇಸಿಗೆಯಲ್ಲಿ ದಾರಿಬದಿಗೆ ಅರವಟ್ಟಿಗೆ ಏಳುತ್ತದೆ: ಚಪ್ಪರದಡಿ ತಣ್ಣೀರಿನ ಮಡಕೆ, ರಾಮನವಮಿಗೆ ಪಾನಕ, ನೀರುಮಜ್ಜಿಗೆ. ಬಾಯಾರಿದವನು ಯಾರೆಂದು ಕೇಳಿದರೆ ಅದು ಅರವಟ್ಟಿಗೆಯೇ ಅಲ್ಲ.

ಹಳ್ಳ ಹೊಳೆಗಳ ನಡುವೆ ಬಾಳುವ ಬೆಳೆಗಾರರಾದ ನಾವು ಏನು ಮಾಡುತ್ತಿದ್ದೇವೆ? ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿಗೆ ಬಯಲುಸೀಮೆಯ ಆಳುಗಳೂ ಬರುತ್ತಾರೆ. ಕುಡಿಯುವ ನೀರಿಗಾಗಿ ಅವರು ತೋಟದ ಆಚೆ ತುದಿಗೆ ನಡೆದುಹೋಗಬೇಕಾದ ಕಡೆಗಳಿವೆ. ನಮ್ಮ ತೋಟದಲ್ಲೂ ಹಾಗೆಯೇ ಇತ್ತು, ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಕೂಲಿ ಕೊಟ್ಟರೆ ಮುಗಿಯಿತಲ್ಲವೇ ಎನ್ನಬಹುದು. ಕೂಲಿ ಅವರ ಹಕ್ಕು; ಅದನ್ನು ಹೊತ್ತಿಗೆ ಸರಿಯಾಗಿ ಕೊಡದೆ ಸಿಹಿಮಾತಾಡಿದರೆ ದಯೆಯಲ್ಲ, ನಟನೆ. ಕೂಲಿ ಕೊಟ್ಟ ಮೇಲೂ ಉಳಿಯುವುದು ಮನುಷ್ಯತ್ವದ ಬಾಕಿ. ಕೆಲಸದ ಹತ್ತಿರ ಒಂದು ಮಡಕೆ ನೀರು, ಹೆಸರು ಹಿಡಿದು ಕರೆಯುವುದು, "ಊಟ ಆಯಿತೇನಮ್ಮ?" ಎನ್ನುವ ಒಂದು ಮಾತು, ಇಷ್ಟಕ್ಕೆ ಖರ್ಚೇನು? ಆಳು ಸಿಗುವುದಿಲ್ಲವೆಂದು ನಾವೆಲ್ಲ ಗೊಣಗುತ್ತೇವೆ. ಆದರೆ ಒಳ್ಳೆಯ ಮಾತು ಕೇಳಿಸಿಕೊಂಡು ಹೋದವರು ಮರುವರ್ಷವೂ ಅದೇ ತೋಟದ ದಾರಿ ಹಿಡಿಯುವುದನ್ನು ಕಂಡಿದ್ದೇವೆ.

ನೀರಿಲ್ಲದ ಸೀಮೆಯವರು ನೀರು ಹಂಚುತ್ತಾರೆ. ನೀರಿರುವ ನಾವು ಹಿಂದೆ ಬೀಳಬಾರದು. ಮುಂದಿನ ಕೊಯ್ಲಿಗೆ ಮೊದಲು ಸದಸ್ಯರೆಲ್ಲರೂ ತಮ್ಮ ತೋಟದಲ್ಲಿ ಮಡಕೆಯೊಂದನ್ನು ಇಡಲಿ.