ಶರೀರ, ಶಾರೀರ ಮತ್ತು ಅಭಿಮಾನ

ಗೃಹಸ್ಥರ ಮನೆಗಳಲ್ಲಿ ರಾತ್ರಿಯೂಟದ ಹೊತ್ತಿಗೆ ನಡೆಯುವ ವಾದಗಳನ್ನು ಕೇಳಿದವರಿಗೆ ಒಂದು ಸಂಗತಿಯು ಗೋಚರವಾಗದೆ ಇರದು. ರಾಜಕಾರಣದ ವಿಷಯದಲ್ಲಿ ತಂದೆಮಕ್ಕಳು ಹೇಗಾದರೂ ಒಮ್ಮತಕ್ಕೆ ಬಂದಾರು. ಆದರೆ ಯಾವ ನಟನು ಶ್ರೇಷ್ಠನು, ಯಾವ ಗಾಯಕಿಯ ಕಂಠವು ಇಂಪಾದುದು, ಟೀವಿಯಲ್ಲಿ ಯಾವ ಕಾರ್ಯಕ್ರಮವನ್ನು ನೋಡತಕ್ಕದ್ದು ಎಂಬ ವಿಷಯದಲ್ಲಿ ಮಾತ್ರ ಒಬ್ಬರೂ ಸೋಲೊಪ್ಪುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಮೆಚ್ಚುವುದಕ್ಕೆ ಏನೂ ಇಲ್ಲದ ಮನೆಯು ಉಪ್ಪಿಲ್ಲದ ಅಡಿಗೆಯಂತೆ. ನಾನೂ ಅಭಿಮಾನಿಗಳ ಪಂಕ್ತಿಯಲ್ಲಿ ಕುಳಿತವನೇ. ಆದರೆ ನಾವು ಯಾರನ್ನು ಮೆಚ್ಚುತ್ತಿದ್ದೇವೆ, ಯಾತಕ್ಕಾಗಿ ಮೆಚ್ಚುತ್ತಿದ್ದೇವೆ ಎಂಬುದನ್ನು ತಿಳಿದು ಮೆಚ್ಚುತ್ತೇವೆಯೇ? ಈ ತಿಂಗಳು ಅದನ್ನಿಷ್ಟು ವಿಚಾರಿಸೋಣ.

ಮೊದಲು ಹಾಡಿನ ಮಾತು. ರಾಜಕುಮಾರರ ಹಳೆಯ ಚಿತ್ರಗೀತೆಯೊಂದು ಕೇಳಿಬಂದೊಡನೆ "ಆಹಾ, ರಾಜಕುಮಾರರ ಹಾಡು!" ಎಂದು ತಲೆದೂಗುವವರು ಅನೇಕರು. ಆದರೆ 1974ಕ್ಕೆ ಮುಂಚಿನ ಅಂತಹ ಹಾಡುಗಳಲ್ಲಿ ಬಹುಪಾಲು ಪಿ. ಬಿ. ಶ್ರೀನಿವಾಸರ ಕಂಠದಿಂದ ಬಂದವು. ಶರೀರವು ಒಬ್ಬರದು, ಶಾರೀರವು ಇನ್ನೊಬ್ಬರದು. ಬೆಸುಗೆಯು ಮಾತ್ರ ಯಾರ ಕಣ್ಣಿಗೂ ಕಾಣದು. ರಾಜಕುಮಾರರೇನೂ ಹಾಡಬಾರದವರಲ್ಲ, ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದವರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ 'ಯಾರೇ ಕೂಗಾಡಲಿ' ಎಂಬ ಹಾಡನ್ನು ತಾವೇ ಹಾಡಿದ ಮೇಲೆ ತಮ್ಮ ಪಾತ್ರಗಳಿಗೆ ಬಹುಮಟ್ಟಿಗೆ ತಾವೇ ಕಂಠವಾದರು. 1992ರ 'ಜೀವನ ಚೈತ್ರ'ದ ಹಾಡಿಗಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಇವರಿಬ್ಬರಲ್ಲಿ ಯಾರು ಮೇಲು? ಭಕ್ತಿಗೂ ಹಾಸ್ಯಕ್ಕೂ ರಾಜಕುಮಾರರು, ಬೆಳುದಿಂಗಳಂತಹ ಪ್ರೇಮಗೀತಕ್ಕೆ ಶ್ರೀನಿವಾಸರು ಎಂಬುದು ನನ್ನ ತೀರ್ಪು. ಒಪ್ಪದ ವಾಚಕರು ತಮ್ಮ ಮನೆಯಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಇನ್ನೊಂದು ಸೋಜಿಗವುಂಟು. ಶ್ರೀನಿವಾಸರು ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿಯವರೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರೂ ತೆಲುಗು ಮನೆಮಾತಿನವರು. ಕನ್ನಡವನ್ನು ತೊಟ್ಟಿಲಲ್ಲಿ ಕೇಳದವರು ಅದರ ಳಕಾರವನ್ನೂ ಮಹಾಪ್ರಾಣವನ್ನೂ ಇಷ್ಟು ಶುದ್ಧವಾಗಿ ನುಡಿದಿರುವಾಗ, ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳು 'ಹಾಡು'ವುದನ್ನು 'ಆಡು'ವುದಾಗಿ ಮಾಡುವರಲ್ಲಾ! ಶುದ್ಧವಾದ ಉಚ್ಚಾರಣೆಗೆ ಹುಟ್ಟಿಗಿಂತಲೂ ಶ್ರದ್ಧೆಯು ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ಶ್ರದ್ಧೆಯನ್ನು ಬಾಲಸುಬ್ರಹ್ಮಣ್ಯಂ ಅವರು ಟೀವಿಯ ಮೂಲಕ ಮನೆಮನೆಗೂ ತಂದರು. ಈಟೀವಿ ಕನ್ನಡದಲ್ಲಿ ಅವರು ನಡೆಸಿಕೊಟ್ಟ 'ಎದೆ ತುಂಬಿ ಹಾಡುವೆನು' ಹೆಸರಿಗೆ ಸ್ಪರ್ಧೆಯಾದರೂ ನಡೆದುದು ಪಾಠಶಾಲೆಯಂತೆ. ಹಾಡನ್ನು ಬರೆದವರು ಯಾರು, ರಾಗ ಕೂಡಿಸಿದವರು ಯಾರು ಎಂಬುದನ್ನು ಅವರು ನೆನೆಯುವರು. ತಪ್ಪಿದ ಮಗುವನ್ನು ನಗುತ್ತಲೇ ತಿದ್ದುವರು. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯದ ಅವರಿಗೆ ಗಾನಯೋಗಿ ಪಂಚಾಕ್ಷರ ಗವಾಯಿಗಳ ಚರಿತ್ರೆಯ ಚಿತ್ರದಲ್ಲಿ ಹಾಡಿದುದಕ್ಕೆ ರಾಷ್ಟ್ರಪ್ರಶಸ್ತಿಯು ಬಂದಿತು; ಅದೇ ಚಿತ್ರಕ್ಕೆ ಸಂಗೀತ ನೀಡಿದ ಹಂಸಲೇಖರಿಗೂ ಬಂದಿತು. ಗಾಯಕನ ಹೆಸರನ್ನು ಎಲ್ಲರೂ ಬಲ್ಲರು. ಸಂಗೀತ ಕೂಡಿಸಿದವರನ್ನು ನೆನೆಯುವವರು ವಿರಳ. ಬಾಲಸುಬ್ರಹ್ಮಣ್ಯಂ ಅವರು 2020ರ ಸೆಪ್ಟೆಂಬರ್ 25ರಂದು ತೀರಿಕೊಂಡರು. ಈಗಿನ ಸ್ಪರ್ಧೆಗಳಲ್ಲಿ ಅಬ್ಬರಕ್ಕೆ ಕೊರತೆಯಿಲ್ಲ, ಬೆಳಕಿಗೂ ಕೊರತೆಯಿಲ್ಲ. ಆದರೆ ಸೋತ ಎಳೆಯ ಮಗುವಿನ ಕಣ್ಣೀರಿನ ಮೇಲೆ ಕ್ಯಾಮೆರಾವನ್ನು ನಿಲ್ಲಿಸಿ ಹಿನ್ನೆಲೆಯಲ್ಲಿ ಶೋಕರಾಗವನ್ನು ನುಡಿಸುವುದು ನನಗೆ ಸೇರದು. ಆ ಮಗುವಿಗೆ ಬೇಕಾದುದು ತಾಯಿಯ ಮಡಿಲೇ ಹೊರತು ನಾಡಿನ ನೋಟವಲ್ಲ.

ಕೊನೆಯದಾಗಿ ಅಭಿಮಾನಿಗಳಾದ ನಮ್ಮದೇ ಮಾತು. ರಾಜಕುಮಾರರು ನಮ್ಮನ್ನು 'ಅಭಿಮಾನಿ ದೇವರುಗಳು' ಎಂದು ಕರೆಯುತ್ತಿದ್ದರು. ಅದು ಅವರ ವಿನಯದ ಮಾತು. ಆದರೆ ದೇವರೆನಿಸಿಕೊಂಡವರ ಮೇಲೆ ಅದು ದೊಡ್ಡ ಹೊರೆ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ನಡೆದುದೇನು? ಬಸ್ಸುಗಳು ಸುಟ್ಟವು; ಗಲಭೆಯಲ್ಲಿಯೂ ಗೋಲೀಬಾರಿನಲ್ಲಿಯೂ ಹಲವರು ಪ್ರಾಣ ಕಳೆದುಕೊಂಡರು; ಕರ್ತವ್ಯದಲ್ಲಿದ್ದ ಪೊಲೀಸ್ ಪೇದೆಯೊಬ್ಬರು ಗುಂಪಿನ ಕೈಯಲ್ಲಿ ಹತರಾದರು. ತೆರೆಯ ಮೇಲೆ ಸದಾ ನೀತಿಯನ್ನು ನುಡಿದವರ ಹೆಸರಿನಲ್ಲಿ ಒಬ್ಬ ತಾಯಿಯ ಮಗನು ಮನೆಗೆ ಹಿಂದಿರುಗಲಿಲ್ಲ. ಇಂತಹ ಅಭಿಮಾನದಿಂದ ರಾಜಕುಮಾರರಿಗೆ ಯಾವ ಗೌರವವು ಸಂದಿತು?

ಅದೇ ದಿನ ಇನ್ನೊಂದು ಕಾರ್ಯವೂ ನಡೆಯಿತು. ರಾಜಕುಮಾರರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ ರಾಜಕುಮಾರರು 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಕಣ್ಣುಗಳೂ ದಾನವಾದವು. ಅವುಗಳಿಂದ ನಾಲ್ವರಿಗೆ ದೃಷ್ಟಿಯು ಬಂದಿತು. ಲಕ್ಷಗಟ್ಟಲೆ ಜನರು ಕಂಠೀರವ ಕ್ರೀಡಾಂಗಣದ ಮುಂದೆ ಸಾಲುಗಟ್ಟಿ ನಿಂತು ದರ್ಶನ ಪಡೆದರು. 2006ರ ಗಲಭೆಯು ಮರುಕಳಿಸಲಿಲ್ಲ. ಬಳಿಕ ಎಷ್ಟೋ ಮಂದಿ ತಮ್ಮ ಕಣ್ಣುಗಳನ್ನೂ ಕೊಡುವುದಾಗಿ ಬರೆದುಕೊಟ್ಟರು. ಅಭಿಮಾನವೆಂಬುದು ಬೆಂಕಿಯಿದ್ದಂತೆ: ಅದೇ ಮನೆಯನ್ನು ಸುಡುವುದು, ಅದೇ ದೀಪವಾಗುವುದು.

ಆದಕಾರಣ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳು ಯಾವ ನಟನನ್ನಾದರೂ ಮೆಚ್ಚಲಿ, ಯಾವ ಹಾಡನ್ನಾದರೂ ಗುನುಗಲಿ, ಬೈಯಬೇಡಿರಿ. ಆದರೆ ಇದನ್ನು ಬರೆದವರು ಯಾರು, ಹಾಡಿದವರು ಯಾರು ಎಂದು ಒಮ್ಮೆ ಕೇಳಿರಿ. ಮೆಚ್ಚಿದವರ ಯಾವ ಗುಣವನ್ನು ನೀನು ಕಲಿತೆ ಎಂದೂ ಕೇಳಿರಿ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಮಗುವಿನ ಅಭಿಮಾನದಿಂದ ಕಲಾವಿದನಿಗೂ ಕೇಡಿಲ್ಲ, ಊರಿಗೂ ಭಯವಿಲ್ಲ.