ನಮ್ಮ ಸಭೆಗಳಲ್ಲಿ ಕಸುಬು ಬಲ್ಲವರೂ ಮಾತಾಡಲಿ

ಕಾಸರಗೋಡಿನ ಕನ್ನಡಿಗರಿಗೆ ಸಭೆಗಳ ಕೊರತೆಯೆಂಬುದಿಲ್ಲ. ನವೆಂಬರ್ ಬಂತೆಂದರೆ ರಾಜ್ಯೋತ್ಸವ. ಅದು ಮುಗಿಯುವಷ್ಟರಲ್ಲಿ ಶಾಲಾ ವಾರ್ಷಿಕೋತ್ಸವಗಳು, ಯುವಕ ಸಂಘಗಳ ವರ್ಧಂತಿಗಳು, ಜಾತ್ರೆಯ ಧಾರ್ಮಿಕ ಸಭೆಗಳು, ಪುಸ್ತಕ ಬಿಡುಗಡೆ, ಸಮ್ಮಾನ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಶುಭಾಶಂಸನೆ, ಅಧ್ಯಕ್ಷ ಭಾಷಣ, ಶಾಲು, ಸ್ಮರಣಿಕೆ, ಧನ್ಯವಾದ - ಈ ಕ್ರಮ ನಮ್ಮ ಮಕ್ಕಳಿಗೂ ಬಾಯಿಪಾಠವಾಗಿದೆ. ಇಷ್ಟೆಲ್ಲ ನಡೆಯುವುದು ಕನ್ನಡದಲ್ಲಿ ಎಂಬುದು ಸಂತೋಷದ ವಿಷಯವೇ. ಆದರೆ ಮೂರು ಗಂಟೆ ಕುಳಿತು ಕೇಳಿದವನು ಮನೆಗೆ ಕೊಂಡುಹೋದ ಹೊಸ ತಿಳುವಳಿಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಸಂಘಟಕರಿಗೂ ಸಂಕೋಚವಾದೀತು. ಹೆಚ್ಚಿನ ಭಾಷಣಗಳ ವಿಷಯ ಒಂದೇ: ಕನ್ನಡ ಉಳಿಯಬೇಕು. ಉಳಿದ ಕನ್ನಡದಲ್ಲಿ ನಾವು ಏನನ್ನು ಹೇಳಿಕೊಳ್ಳಬೇಕು ಎಂಬ ಪ್ರಶ್ನೆಗೆ ಸಮಯವೇ ಸಿಗುವುದಿಲ್ಲ.

ಈ ಕಾರಣದಿಂದ ನಮ್ಮ ಸಂಘ ಸಂಸ್ಥೆಗಳ ಮುಂದೆ ಒಂದು ಸಲಹೆಯನ್ನಿಡಬೇಕೆನಿಸುತ್ತದೆ. ವರ್ಷಕ್ಕೆ ನಾಲ್ಕಾರು ಸಂಜೆಗಳನ್ನಾದರೂ ಕಿರು ಉಪನ್ಯಾಸಗಳಿಗೆ ಮೀಸಲಿಡಿ. ಒಂದು ಸಂಜೆಗೆ ಆರು ಮಂದಿ. ಒಬ್ಬ ವೈದ್ಯ, ಒಬ್ಬ ಕೃಷಿಕ, ಒಬ್ಬ ಬ್ಯಾಂಕ್ ನೌಕರ, ಒಬ್ಬ ದಾದಿ, ಒಬ್ಬ ಮರದ ಕೆಲಸದವನು, ಒಬ್ಬ ಅಧ್ಯಾಪಕ - ಹೀಗೆ ಬೇರೆ ಬೇರೆ ಕ್ಷೇತ್ರದವರು. ಪ್ರತಿಯೊಬ್ಬರಿಗೂ 15 ನಿಮಿಷ. ಅವರು ತಮ್ಮ ಕೆಲಸದಲ್ಲಿ ಕಂಡದ್ದನ್ನು, ಕಲಿತದ್ದನ್ನು ಕನ್ನಡದಲ್ಲಿ ಹೇಳಲಿ. ನಾವು ಕೇಳೋಣ, ಸಂಶಯವಿದ್ದರೆ ಪ್ರಶ್ನಿಸೋಣ.

ಇಂತಹ ಸಭೆಗಳು ಹೊರಜಗತ್ತಿನಲ್ಲಿ ಈಗ ದೊಡ್ಡ ಗೌಜಿಯಿಂದಲೇ ನಡೆಯುತ್ತವೆ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ 'ಟೆಡ್' ಎಂಬ ಸಮ್ಮೇಳನ ಮೊದಲು ನಡೆದುದು 1984ರಲ್ಲಿ, ನಮ್ಮ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷವೇ. ಎಷ್ಟೇ ದೊಡ್ಡ ವಿದ್ವಾಂಸನಾದರೂ ಅಲ್ಲಿ 18 ನಿಮಿಷದೊಳಗೆ ಮಾತು ಮುಗಿಸಬೇಕು ಎಂಬುದು ರೂಢಿ. ಆ ಹೆಸರಿನ ಸಭೆಗಳು ಇಂದು ಭಾರತದ ನಗರಗಳಲ್ಲೂ ಕಾಲೇಜುಗಳಲ್ಲೂ ನಡೆಯುತ್ತವೆ. ಅಲ್ಲಿಯ ಬೆಳಕು, ಬಣ್ಣ, ಇಂಗ್ಲಿಷು ನಮಗೆ ಬೇಕಾಗಿಲ್ಲ. ಗೆದ್ದವರು ಮಾತ್ರ ಬಂದು ಗೆದ್ದ ಕಥೆ ಹೇಳಿ ಕೈತಟ್ಟಿಸಿಕೊಳ್ಳುವ ದೋಷವೂ ಆ ಸಭೆಗಳಲ್ಲಿ ಉಂಟು, ಅದೂ ಬೇಡ. ನಾವು ಎರವಲು ತರಬಹುದಾದದ್ದು ಗಡಿಯಾರವನ್ನು ಮಾತ್ರ.

ಉಳಿದುದೆಲ್ಲ ನಮ್ಮಲ್ಲೇ ಇದೆ. 1930ರ ದಶಕದಲ್ಲೇ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿತು. ಆ ಉಪನ್ಯಾಸಗಳು ಅಗ್ಗದ ಬೆಲೆಯ ಚಿಕ್ಕ ಪುಸ್ತಕಗಳಾಗಿ ಜನರ ಕೈಸೇರಿದವು. 1962ರಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ವೇದಿಕೆಯನ್ನು ಕಟ್ಟಿ, ವಾರ ವಾರವೂ ವಿಜ್ಞಾನಿಗಳಿಂದ ಸಾರ್ವಜನಿಕರಿಗೆ ಉಪನ್ಯಾಸ ಮಾಡಿಸುವ ಪದ್ಧತಿ ಹಾಕಿದರು. ಅದೇ 1962ರಲ್ಲಿ ಕೋಝಿಕ್ಕೋಡಿನಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹುಟ್ಟಿತು. ವಿಜ್ಞಾನವನ್ನು ಮಲಯಾಳದಲ್ಲಿ ಹೇಳಬೇಕೆಂಬ ಹಟದಿಂದ ಆರಂಭವಾದ ಆ ಸಂಘಟನೆ ಹಳ್ಳಿಹಳ್ಳಿಗಳಲ್ಲಿ ತರಗತಿಗಳನ್ನು ನಡೆಸಿತು, ಮಕ್ಕಳಿಗಾಗಿ 'ಯುರೇಕಾ' ಪತ್ರಿಕೆಯನ್ನು ತಂದಿತು. ಮಲಯಾಳದ ಒತ್ತಡದ ಬಗ್ಗೆ ನಾವು ದೂರುವುದುಂಟು. ದೂರಿಗೆ ಕಾರಣಗಳೂ ಇವೆ. ಆದರೆ ಮಲಯಾಳಿಗಳು ತಮ್ಮ ಭಾಷೆಯಲ್ಲಿ ನೀರು, ಆರೋಗ್ಯ, ಕಾಡು, ಕಾಯಿದೆ ಎಲ್ಲವನ್ನೂ ಚರ್ಚಿಸುವುದನ್ನು ರೂಢಿಸಿಕೊಂಡರು ಎಂಬುದನ್ನು ನೆರೆಯವರಾದ ನಾವು ಒಪ್ಪಬೇಕು. ಒಪ್ಪಿ ಕಲಿಯಲೂ ಬೇಕು.

ಇತರ ಕಡೆಯ ಕನ್ನಡಿಗರಿಗಿಂತ ನಮಗೆ ಇದು ಹೆಚ್ಚು ಅಗತ್ಯವೆನ್ನಲು ಕಾರಣವಿದೆ. ಇಲ್ಲಿ ಕನ್ನಡಿಗರೆಂದು ಕರೆಸಿಕೊಳ್ಳುವವರ ಮನೆಮಾತು ಹಲವು. ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಹವ್ಯಕ, ಅದರಾಚೆ ಕೊಂಕಣಿ, ಕರಾಡ, ಮರಾಟಿ, ಬ್ಯಾರಿ. ಇವರೆಲ್ಲರನ್ನೂ ಒಂದು ಕಡೆ ಕೂರಿಸಿದ್ದು ಶಾಲೆಯ ಕನ್ನಡ, ಪತ್ರಿಕೆಯ ಕನ್ನಡ, ಸಭೆಯ ಕನ್ನಡ. ಅಂದರೆ ನಮ್ಮಲ್ಲಿ ಅನೇಕರಿಗೆ ಕನ್ನಡವು ಅಡುಗೆಮನೆಯಲ್ಲಿ ಬಂದ ಭಾಷೆಯಾಗಿರದೆ ಚಾವಡಿಯಲ್ಲಿ ಬಂದ ಭಾಷೆಯಾಗಿದೆ. ಚಾವಡಿಯಲ್ಲಿ ಅದಕ್ಕೆ ಕೆಲಸವಿಲ್ಲದಾದರೆ ಹಿಂತಿರುಗಿ ಹೋಗಲು ಅದಕ್ಕೆ ಬೇರೆ ಮನೆಯಿಲ್ಲ. ಮಗು ವಿಜ್ಞಾನವನ್ನು ಇಂಗ್ಲಿಷಿನಲ್ಲಿ, ಕಚೇರಿಯ ವ್ಯವಹಾರವನ್ನು ಮಲಯಾಳದಲ್ಲಿ ಕಲಿತು, ಕನ್ನಡದಲ್ಲಿ ಸ್ವಾಗತ ಭಾಷಣವನ್ನು ಮಾತ್ರ ಕಲಿಯುವುದಾದರೆ, ಆ ಮಗುವಿನ ಮಗು ಕನ್ನಡ ಶಾಲೆಗೆ ಏಕೆ ಬಂದೀತು?

ಬೇರೆ ಬೇರೆ ಕ್ಷೇತ್ರದವರು ಒಂದೆಡೆ ಕುಳಿತು ಮಾತಾಡುವುದರ ಬೆಲೆ ಏನೆಂಬುದನ್ನು ಈ ಜಿಲ್ಲೆ ಬಹಳ ಕಷ್ಟಪಟ್ಟು ಕಲಿತಿದೆ. ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕೃಷಿಕರು ಜೇನ್ನೊಣಗಳು ಇಲ್ಲವಾದುದನ್ನು ಕಂಡರು. ಪಡ್ರೆ ಗ್ರಾಮದ ವಾಣಿನಗರದಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಅಸಹಜವಾದುದನ್ನು ಗಮನಿಸಿದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು ಬರೆದರು. ತಾಯಂದಿರಿಗೆ ತಮ್ಮ ಮಕ್ಕಳ ಸ್ಥಿತಿ ಗೊತ್ತಿತ್ತು. ಹೀಗೆ ಒಬ್ಬೊಬ್ಬರ ಬಳಿ ಒಂದೊಂದು ತುಂಡು ಸತ್ಯವಿತ್ತು. ಅವೆಲ್ಲ ಒಂದಾಗಿ ಸರಕಾರದ ಕಿವಿಗೆ ಮುಟ್ಟುವಾಗ ವರ್ಷಗಳೇ ಕಳೆದಿದ್ದವು. ದೇಶದಲ್ಲಿ ಆ ವಿಷವನ್ನು ಸುಪ್ರೀಂ ಕೋರ್ಟು ತಡೆದುದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿದ್ದು 2017ರಲ್ಲಿ. ಕಿರು ಉಪನ್ಯಾಸದ ಒಂದು ಸಂಜೆಯಿಂದ ಆ ದುರಂತ ತಪ್ಪುತ್ತಿತ್ತೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಆದರೆ ಜೇನು ಸಾಕುವವನ ಮಾತನ್ನು ವೈದ್ಯರೂ, ವೈದ್ಯರ ಮಾತನ್ನು ತಾಯಂದಿರೂ ಒಂದೇ ಸಭೆಯಲ್ಲಿ ಕುಳಿತು ಕೇಳುವ ಪದ್ಧತಿ ಇರುವ ಊರು ತನ್ನ ಕೇಡನ್ನು ಬೇಗ ಗುರುತಿಸುತ್ತದೆ ಎನ್ನುವುದರಲ್ಲಿ ಸಂಶಯವಿಲ್ಲ.

ಮಾತಾಡಲು ನಮ್ಮಲ್ಲಿ ಜನವಿಲ್ಲವೆಂದು ಯಾರೂ ಹೇಳಲಾರರು. ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಮಿಕ್ಕಿ ಭತ್ತದ ತಳಿಗಳನ್ನು ಉಳಿಸಿದುದಕ್ಕಾಗಿ 2024ರಲ್ಲಿ ಪದ್ಮಶ್ರೀ ಪಡೆದರು. ಅವರಂತಹವರಿಗೆ ಶಾಲು ಹೊದೆಸಿ ಐದು ನಿಮಿಷದಲ್ಲಿ ಕಳುಹಿಸಿಕೊಡುವ ಬದಲು, ಚೀಲದ ಮಣ್ಣಿನಲ್ಲಿ ತಳಿಯನ್ನು ಉಳಿಸುವುದು ಹೇಗೆಂದು 15 ನಿಮಿಷ ಕೇಳಬಾರದೇ? ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗದ ಕೆಲಸ ಬಲ್ಲವರು ನಮ್ಮಲ್ಲಿ ಇನ್ನೂ ಇದ್ದಾರೆ. ಎಲ್ಲಿ ಕೊರೆಯಬೇಕೆಂದು ಯಾವ ಗಿಡವನ್ನು, ಯಾವ ಮಣ್ಣನ್ನು ನೋಡಿ ತೀರ್ಮಾನಿಸುತ್ತಾರೆ ಎಂಬುದು ಅವರೊಂದಿಗೇ ಮರೆಯಾಗಬಾರದು. ಕೂಡ್ಲಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನೆಗಾಗಿ ತೆರೆದ ಕೇಂದ್ರ ಇಂದು ತೋಟದ ಬೆಳೆಗಳ ರಾಷ್ಟ್ರೀಯ ಸಂಸ್ಥೆಯಾಗಿದೆ. ಅಡಿಕೆಯ ಎಲೆಚುಕ್ಕಿ ರೋಗದಿಂದ ಕೃಷಿಕ ಕಂಗೆಟ್ಟಿರುವಾಗ ಅಲ್ಲಿಯ ವಿಜ್ಞಾನಿಯೊಬ್ಬರು ಊರಿನ ವಾಚನಾಲಯಕ್ಕೆ ಬಂದು ಮಾತಾಡಿದರೆ ಆ ಸಭೆಗೆ ಜನ ಸೇರಿಸುವ ಚಿಂತೆ ಬೇಕಾಗಿಲ್ಲ.

ಕಾಯಿದೆಯ ಒಂದು ಉದಾಹರಣೆಯನ್ನೂ ಕೊಡಬಹುದು. 1969ರ ಕೇರಳ ಆಡಳಿತ ಭಾಷಾ ಕಾಯಿದೆಯ ಪ್ರಕಾರ ರಾಜ್ಯದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ, ಇಲಾಖಾ ಮುಖ್ಯಸ್ಥರಿಗೂ, ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸರಕಾರಿ ಕಚೇರಿಗಳಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು; ಉತ್ತರವೂ ಅದೇ ಭಾಷೆಯಲ್ಲಿ ಬರತಕ್ಕದ್ದು. ಈ ಹಕ್ಕಿನ ಬಗ್ಗೆ ನಾವು ವೇದಿಕೆಯಲ್ಲಿ ಗುಡುಗುತ್ತೇವೆ. ಆದರೆ ಅರ್ಜಿಯನ್ನು ಬರೆಯುವುದು ಹೇಗೆ, ಯಾರಿಗೆ ಕೊಡುವುದು, ರಶೀದಿ ಪಡೆಯುವುದು ಹೇಗೆ, ಉತ್ತರ ಮಲಯಾಳದಲ್ಲಿ ಬಂದರೆ ಮುಂದೇನು ಎಂಬುದನ್ನು ಗ್ರಾಮ ಕಚೇರಿಯಲ್ಲಿ ದುಡಿದು ನಿವೃತ್ತರಾದ ಒಬ್ಬರು ಕಾಲು ಗಂಟೆಯಲ್ಲಿ ತಿಳಿಸಿಕೊಟ್ಟರೆ, ಹತ್ತು ವೀರಾವೇಶದ ಭಾಷಣಕ್ಕಿಂತ ಅದರಿಂದ ಹೆಚ್ಚು ಉಪಕಾರವಾದೀತು. ಪಹಣಿ, ಪಿಂಚಣಿ, ಪಡಿತರ ಚೀಟಿಗಾಗಿ ಅಲೆಯುವ ನಮ್ಮ ಹಿರಿಯರು ಅದನ್ನೇ ಕೇಳಬಯಸುತ್ತಾರೆ.

ಕಸುಬಿನವರಿಗೆ ಮಾತು ಬಾರದು ಎಂಬ ಆಕ್ಷೇಪ ಬರಬಹುದು. ತಾಳಮದ್ದಳೆಯ ನಾಡಿನಲ್ಲಿ ಈ ಮಾತು ಸಲ್ಲದು. ನಮ್ಮ ಅರ್ಥಧಾರಿಗಳಲ್ಲಿ ಕೃಷಿಕರಿದ್ದಾರೆ, ಮಾಸ್ತರರಿದ್ದಾರೆ, ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ. ಬರೆದುಕೊಂಡು ಬಾರದೆ ಎದುರಾಳಿಯ ವಾದಕ್ಕೆ ಅಲ್ಲೇ ಉತ್ತರ ಕೊಡುವ ಈ ಕಲೆಯನ್ನು ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು ಎಷ್ಟು ಎತ್ತರಕ್ಕೆ ಒಯ್ದರೆಂದು ಹಿರಿಯ ಓದುಗರಿಗೆ ತಿಳಿಸಬೇಕಾಗಿಲ್ಲ. ರಾತ್ರಿಯಿಡೀ ಕುಳಿತು ಮಾತು ಕೇಳಿದ ಶ್ರೋತೃಗಳೂ ನಮ್ಮವರೇ. ಭೀಷ್ಮನ ಬಾಯಿಯಲ್ಲಿ ಧರ್ಮವನ್ನು ಗಂಟೆಗಟ್ಟಲೆ ವಿವರಿಸಬಲ್ಲ ಒಬ್ಬ ಡಾಕ್ಟರಿಗೆ ಸಕ್ಕರೆ ಕಾಯಿಲೆಯನ್ನು ಕನ್ನಡದಲ್ಲಿ ವಿವರಿಸುವುದು ಕಷ್ಟವೇ?

ಪಾರಿಭಾಷಿಕ ಪದಗಳ ತೊಡಕನ್ನೂ ದೊಡ್ಡದು ಮಾಡಬೇಕಾಗಿಲ್ಲ. ನಮ್ಮ ನೆರೆಯ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು, ಆ ಬಳಿಕ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ವನ್ನು ಬರೆದರು. ಪದವಿಲ್ಲವೆಂದು ಅವರು ನಿಲ್ಲಲಿಲ್ಲ. ಇನ್ಸುಲಿನ್ ಎನ್ನುವುದನ್ನು ಇನ್ಸುಲಿನ್ ಎಂದೇ ಹೇಳಲಿ, ಪಂಪನ್ನು ಪಂಪೆಂದೇ ಹೇಳಲಿ. ತುಳುವಿನ ರಾಗ, ಹವ್ಯಕದ ಒಂದೆರಡು ಮಾತು, ಬ್ಯಾರಿಯ ಎಳೆತ ಬೆರೆತರೆ ನಗುವುದು ಬೇಡ. ಗ್ರಂಥದ ಕನ್ನಡ ಬಾರದೆಂಬ ಹೆದರಿಕೆಯಿಂದಲೇ ನಮ್ಮ ಎಷ್ಟೋ ತಾಯಂದಿರು, ಕೂಲಿಯವರು ಸಭೆಯಲ್ಲಿ ಬಾಯಿ ತೆರೆಯುವುದಿಲ್ಲ. ಕುಟುಂಬಶ್ರೀಯ ಲೆಕ್ಕ ಬರೆಯುವ ಮಹಿಳೆಯ ಕನ್ನಡವೂ ವೇದಿಕೆಗೆ ಸಲ್ಲುವ ಕನ್ನಡವೇ.

ಇನ್ನು, ಕಾಲು ಗಂಟೆಯಲ್ಲಿ ಆಳವೆಲ್ಲಿ ಎಂದು ವಿದ್ವಾಂಸರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಕಿರು ಉಪನ್ಯಾಸವು ದೀರ್ಘ ಉಪನ್ಯಾಸದ ಸ್ಥಾನವನ್ನು ತುಂಬಲಾರದು, ತುಂಬಬೇಕಾಗಿಯೂ ಇಲ್ಲ. ಅದು ಆಸಕ್ತಿಯ ಬಾಗಿಲನ್ನು ತೆರೆದರೆ ಸಾಕು; ಹೆಚ್ಚು ತಿಳಿಯಬೇಕೆನ್ನುವವರು ಸಭೆಯ ನಂತರ ಅದೇ ವ್ಯಕ್ತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಒಂದೇ ಊರಿನವರಾದುದರಿಂದ ಅದಕ್ಕೆ ತೊಂದರೆಯೂ ಇಲ್ಲ.

ಖರ್ಚು ಹೆಚ್ಚಿಲ್ಲ. ಶಾಲೆಯ ಒಂದು ಕೋಣೆ, ಕುಡಿಯಲು ಚಾ, ಸಮಯಕ್ಕೆ ಸರಿಯಾಗಿ ಬಾರಿಸಲು ಒಂದು ಗಂಟೆ - ಇಷ್ಟಿದ್ದರಾಯಿತು. ಗಂಟೆ ಬಾರಿಸುವವರು ಮಾತ್ರ ದಾಕ್ಷಿಣ್ಯವಿಲ್ಲದವರಾಗಿರಬೇಕು. ಹಾರ, ಶಾಲು, ಅತಿಥಿಗಳ ಸಾಲು ಬೇಡ. ಆರು ಮಂದಿಯಲ್ಲಿ ಇಬ್ಬರಾದರೂ ಮಹಿಳೆಯರಿರಲಿ, ಒಬ್ಬರಾದರೂ ಮೂವತ್ತರ ಕೆಳಗಿನವರಿರಲಿ. ಹೇಳಿದ್ದನ್ನು ಯಾರಾದರೊಬ್ಬ ಹೈಸ್ಕೂಲು ವಿದ್ಯಾರ್ಥಿ ಬರೆದುಕೊಳ್ಳಲಿ. ಪತ್ರಿಕೆಗೆ ಕಳುಹಿಸಿದರೆ ಹತ್ತೂರಿನವರು ಓದಿಯಾರು. ಬರೆದ ವಿದ್ಯಾರ್ಥಿಗೂ ಕನ್ನಡದಿಂದ ಒಂದು ಕೆಲಸ ಆಗುತ್ತದೆಂಬ ಅನುಭವವಾದೀತು.

ಹೀಗೆಂದ ಮಾತ್ರಕ್ಕೆ ಹಕ್ಕಿನ ಹೋರಾಟವನ್ನು ಬಿಡಬೇಕೆಂದು ಅರ್ಥವಲ್ಲ. 1956ರ ನವೆಂಬರ್ 1ರಂದು ಆದ ಗಾಯ, ಚಂದ್ರಗಿರಿಯ ಉತ್ತರದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ, 2017ರಲ್ಲಿ ಬಂದ ಮಲಯಾಳ ಕಡ್ಡಾಯ - ಇವುಗಳನ್ನು ಮರೆಯಲಾಗದು, ಮರೆಯಲೂ ಬಾರದು. ಕಯ್ಯಾರ ಕಿಞ್ಞಣ್ಣ ರೈಯವರು ಕೊನೆಯವರೆಗೂ ಅದನ್ನು ಮರೆಯಲಿಲ್ಲ. ಆದರೆ ಅವರು ಕವಿಯಷ್ಟೇ ಆಗಿರಲಿಲ್ಲ; ಅಧ್ಯಾಪಕರಾಗಿದ್ದರು, ಕೃಷಿಕರಾಗಿದ್ದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಅವರ ಕನ್ನಡ ತರಗತಿಗೂ ತೋಟಕ್ಕೂ ಪಂಚಾಯತಿಗೂ ಸಾಕಾಗುವಷ್ಟಿತ್ತು. ಹೋರಾಟದ ಮಾತಿಗೆ ತೂಕ ಬರುವುದು ಅಂತಹ ಬಾಳಿನಿಂದ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಎಂದು ನಮ್ಮ ಸಂಘಗಳಿಗೆ ಊರುಗಳಿಗೇನೂ ಕಡಿಮೆಯಿಲ್ಲ. ಮುಂದಿನ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಕಾರ್ಯದರ್ಶಿಗಳು ಅತಿಥಿಗಳ ಪಟ್ಟಿಯಿಂದ ಮೂರು ಹೆಸರನ್ನು ಕಡಿಮೆ ಮಾಡಿ, ಊರಿನದೇ ಮೂವರು ಕಸುಬುದಾರರ ಹೆಸರನ್ನು ಸೇರಿಸಿ ನೋಡಲಿ. ಅವರನ್ನು ಒಪ್ಪಿಸುವುದಕ್ಕೆ ಮನೆಗೆ ಎರಡು ಸಲ ಹೋಗಬೇಕಾದೀತು, ಹೋಗಲಿ.